ಹಳೆಯ ಆಟದ ಪಕ್ಕದಲ್ಲೊಂದು ಹೊಸ ಆಟ

1990ರ ಸೆಪ್ಟೆಂಬರ್. ಅಮೆರಿಕದ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿದ್ದ ಸಾಫ್ಟ್‌ಡಿಸ್ಕ್ ಕಂಪನಿಯ ಇಬ್ಬರು ನೌಕರರು, ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್, ಒಂದು ರಾತ್ರಿ ನಿದ್ದೆಗೆಟ್ಟು ನಿಂಟೆಂಡೊದ ‘ಸೂಪರ್ ಮಾರಿಯೊ ಬ್ರದರ್ಸ್ 3’ರ ಮೊದಲ ಹಂತವನ್ನು ಪಿಸಿಯಲ್ಲಿ ಇದ್ದ ಹಾಗೆಯೇ ಕಟ್ಟಿದರು. ಆಟಗಾರ ಓಡಿದಂತೆ ಇಡೀ ಪರದೆ ಸರಾಗವಾಗಿ ಸರಿಯುವುದು ಆ ಕಾಲದ ಪಿಸಿಯ ಕೈಲಾಗದ ಕೆಲಸ ಎಂಬ ನಂಬಿಕೆ ಇತ್ತು. ಬದಲಾದ ಚೌಕಗಳನ್ನಷ್ಟೇ ಮತ್ತೆ ಬರೆಯುವ ಉಪಾಯ ಹೂಡಿ ಕಾರ್ಮ್ಯಾಕ್ ಅದನ್ನು ಸಾಧಿಸಿದ್ದರು. ಮಾರಿಯೊನ ಜಾಗದಲ್ಲಿ ಸಹೋದ್ಯೋಗಿ ಜಾನ್ ರೊಮೆರೊ ರೂಪಿಸಿದ್ದ ಗೇಮೊಂದರ ನಾಯಕನನ್ನು ನಿಲ್ಲಿಸಿದರು. ಆ ನಾಯಕ ನಮಗೂ ಪರಿಚಿತನೇ. ತೊಂಬತ್ತರ ದಶಕದಲ್ಲಿ ಶಾಲೆಯ ಲ್ಯಾಬಿನಲ್ಲೋ ಕಂಪ್ಯೂಟರ್ ಕ್ಲಾಸಿನಲ್ಲೋ ಡಾಸ್ ಕಲಿತವರು ಮೇಷ್ಟ್ರ ಕಣ್ಣು ತಪ್ಪಿಸಿ ಆಡುತ್ತಿದ್ದ ‘ಡೇಂಜರಸ್ ಡೇವ್’. ತಮ್ಮ ರಾತ್ರಿ ಕೆಲಸಕ್ಕೆ ಆ ಇಬ್ಬರು ಇಟ್ಟ ಹೆಸರು ‘ಡೇಂಜರಸ್ ಡೇವ್ ಇನ್ ಕಾಪಿರೈಟ್ ಇನ್‌ಫ್ರಿಂಜ್‌ಮೆಂಟ್’. ಕಾನೂನಿನ ಯಾವ ಬದಿಯಲ್ಲಿ ನಿಂತಿದ್ದೇವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗೆಳೆಯರೆಲ್ಲ ಸೇರಿ ಅದನ್ನು ಇನ್ನಷ್ಟು ಬೆಳೆಸಿ ನಿಂಟೆಂಡೊಗೇ ಕಳಿಸಿದರು. ತನ್ನ ಗೇಮು ತನ್ನ ಯಂತ್ರದಲ್ಲೇ ಇರಲಿ ಎಂದು ಕಂಪನಿ ಒಲ್ಲೆನೆಂದಿತು. ಅದೇ ತಂತ್ರದ ಮೇಲೆ ‘ಕಮಾಂಡರ್ ಕೀನ್’ ಬಂತು, 1991ರಲ್ಲಿ ಇಡ್ ಸಾಫ್ಟ್‌ವೇರ್ ಕಂಪನಿ ಹುಟ್ಟಿತು, 1993ರಲ್ಲಿ ‘ಡೂಮ್’ ಬಂದು ಪಿಸಿ ಗೇಮುಗಳ ದಿಕ್ಕನ್ನೇ ಬದಲಿಸಿತು. ತಿರಸ್ಕೃತವಾದ ಆ ಡೆಮೊದ ಪ್ರತಿಯೊಂದು ಈಗ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ಮ್ಯೂಸಿಯಂನ ಸಂಗ್ರಹದಲ್ಲಿದೆ.

ಅಭಿಮಾನಿಗಳು ಹಳೆಯ ಗೇಮುಗಳನ್ನು ಮತ್ತೆ ಕಟ್ಟುವ ಕೆಲಸದ ಪೂರ್ತಿ ಜಾತಕ ಈ ಪ್ರಸಂಗದಲ್ಲಿದೆ: ಕಲಿಯುವ ಹಟ, ಕಾನೂನಿನ ಗೆರೆ ದಾಟುವ ಧೈರ್ಯ, ಮಾಲೀಕರ ನಿರಾಕರಣೆ, ಕೊನೆಗೆ ಮ್ಯೂಸಿಯಂನ ಮನ್ನಣೆ. ಅಂದಿನಿಂದ ಇಂದಿನವರೆಗೆ ಇಂಥ ಯತ್ನಗಳು ನೂರಾರು ನಡೆದಿವೆ. ಇನ್ನೊಂದು ಕಡೆ ಕಂಪನಿಗಳೇ ತಮ್ಮ ಹಳೆಯ ಗೇಮುಗಳನ್ನು ಉಜ್ಜಿ ಹೊಳಪು ಕೊಟ್ಟು ಮಾರುತ್ತಿವೆ. ಇವೆರಡನ್ನು ಸಾಮಾನ್ಯವಾಗಿ ಕಳ್ಳತನ ಮತ್ತು ಒಡೆತನ ಎಂದು ಬೇರ್ಪಡಿಸಿ ಚರ್ಚಿಸುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ಬೆಳಕು ಚೆಲ್ಲುವ ಪ್ರಶ್ನೆ ಬೇರೆ. ಹೊಸದು ಬಂದಾಗ ಹಳೆಯದು ಉಳಿಯಿತೇ, ಇಲ್ಲ ಅದರ ಜಾಗವನ್ನು ಹೊಸದು ಕಿತ್ತುಕೊಂಡಿತೇ?

ಬಗೆಗಳು

1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ಹಚ್ಚಿ 2008ರಲ್ಲಿ ಮತ್ತೆ ತೆರೆಗೆ ತಂದದ್ದು ಕನ್ನಡಿಗರಿಗೆ ನೆನಪಿರಬಹುದು. ನಟರು, ಮಾತು, ಹಾಡು ಎಲ್ಲ ಅವೇ, ಮೇಲಿನ ಬಣ್ಣ ಮಾತ್ರ ಹೊಸದು. ಗೇಮುಗಳಲ್ಲಿ ರೀಮಾಸ್ಟರ್ ಎಂದರೆ ಹೆಚ್ಚುಕಡಿಮೆ ಇದೇ. ಕಥೆಯನ್ನಿಟ್ಟುಕೊಂಡು ತಾರಾಗಣವನ್ನೂ ಸೆಟ್ಟನ್ನೂ ಬದಲಿಸಿ ಮತ್ತೆ ಚಿತ್ರೀಕರಿಸಿದರೆ ಅದು ರೀಮೇಕ್. ಸಿನಿಮಾದಲ್ಲಿಲ್ಲದ ಮೂರನೆಯ ಬಗೆಯೊಂದು ಗೇಮುಗಳಿಗಿದೆ: ಗೇಮಿನ ಒಳಗಿರುವ ಎಂಜಿನ್ ಅನ್ನು, ಅಂದರೆ ನಿಯಮಗಳನ್ನು ನಡೆಸುವ ಪ್ರೋಗ್ರಾಮನ್ನು ಮಾತ್ರ ಹೊಸದಾಗಿ ಬರೆಯುವುದು. ಚಿತ್ರ, ಸಂಗೀತ, ನಕ್ಷೆಗಳನ್ನು ಅದು ಆಟಗಾರ ಕೊಂಡ ಮೂಲ ಪ್ರತಿಯಿಂದಲೇ ಓದಿಕೊಳ್ಳುತ್ತದೆ.

ಈ ಮೂರನೆಯ ಬಗೆಯಲ್ಲಿ ಅಭಿಮಾನಿಗಳ ಸಾಧನೆ ದೊಡ್ಡದು. 2001ರಲ್ಲಿ ಶುರುವಾದ ಸ್ಕಮ್‌ವಿಎಂ ನೂರಾರು ಹಳೆಯ ಸಾಹಸ ಗೇಮುಗಳನ್ನು ಇಂದಿನ ಫೋನಿನವರೆಗೆ ತಂದಿದೆ. ಕ್ರಿಸ್ ಸಾಯರ್ ಅವರ ‘ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್’ ಆಧರಿಸಿ 2004ರಲ್ಲಿ ಹುಟ್ಟಿದ ಓಪನ್‌ಟಿಟಿಡಿ ಬರಬರುತ್ತಾ ತನ್ನದೇ ಚಿತ್ರ, ಸದ್ದುಗಳನ್ನು ಮಾಡಿಕೊಂಡು ಸ್ವತಂತ್ರವಾಯಿತು. 2002ರ ‘ಮಾರೋವಿಂಡ್’ಗೆ ಓಪನ್‌ಎಂಡಬ್ಲ್ಯೂ ಇದೆ. ಮೂಲ ಗೇಮನ್ನು ಕೊಂಡವರಷ್ಟೇ ಅದರಲ್ಲಿ ‘ಮಾರೋವಿಂಡ್’ ಆಡಬಲ್ಲರು.

ಇನ್ನೂ ಕಷ್ಟದ ದಾರಿ ಡಿಕಂಪೈಲೇಷನ್. ಅಂಗಡಿಯಲ್ಲಿ ಸಿಗುವ ಗೇಮಿನೊಳಗೆ ಮನುಷ್ಯ ಓದಬಲ್ಲ ಮೂಲ ಕೋಡ್ ಇರುವುದಿಲ್ಲ. ಯಂತ್ರಕ್ಕಷ್ಟೇ ಅರ್ಥವಾಗುವ ಆಜ್ಞೆಗಳ ಸಾಲಿರುತ್ತದೆ. ಅಭಿಮಾನಿ ಅದನ್ನು ತುಣುಕು ತುಣುಕಾಗಿ ಓದಿ, ಈ ಭಾಗವನ್ನು ಮೂಲ ಲೇಖಕ ಸಿ ಭಾಷೆಯಲ್ಲಿ ಹೇಗೆ ಬರೆದಿರಬಹುದು ಎಂದು ಊಹಿಸಿ ಬರೆಯುತ್ತಾನೆ. ಆ ಕಾಲದ ಕಂಪೈಲರಿಗೇ ಅದನ್ನು ಕೊಟ್ಟು, ಹೊರಬಂದದ್ದು ಮೂಲದೊಡನೆ ಒಂದು ಬೈಟ್ ಕೂಡ ವ್ಯತ್ಯಾಸವಿಲ್ಲದೆ ಹೊಂದುತ್ತದೆಯೇ ಎಂದು ನೋಡುತ್ತಾನೆ. ಹೊಂದದಿದ್ದರೆ ಮತ್ತೆ ಊಹೆ, ಮತ್ತೆ ಬರವಣಿಗೆ. 1998ರ ‘ಝೆಲ್ಡಾ: ಓಕರಿನಾ ಆಫ್ ಟೈಮ್’ ಪೂರ್ತಿಯಾಗಿ ಹೀಗೆ ಬಿಡಿಸಲ್ಪಟ್ಟಿದ್ದು 2021ರ ನವೆಂಬರಿನಲ್ಲಿ. ಅದನ್ನು ಆಧರಿಸಿದ ಪಿಸಿ ಆವೃತ್ತಿ ಕೆಲವೇ ತಿಂಗಳಲ್ಲಿ ಬಂತು. ಹಳೆಯ ಶಾಸನವನ್ನು ಅಕ್ಷರ ಅಕ್ಷರ ಕೂಡಿಸಿ ಓದುವವರ ತಾಳ್ಮೆಯೇ ಇದಕ್ಕೂ ಬೇಕು, ಸಂಬಳ ಮಾತ್ರ ಇಲ್ಲ.

ಗೇಮು ಸಾಯುವ ಬಗೆ

ಪುಸ್ತಕದಂತೆ ಗೇಮನ್ನು ಕಪಾಟಿನಲ್ಲಿಟ್ಟು ಉಳಿಸಿಕೊಳ್ಳಲಾಗದು. ಯಂತ್ರ ಕೆಟ್ಟರೆ ಗೇಮೂ ಕೆಟ್ಟಂತೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಗೇಮುಗಳಲ್ಲಿ ಶೇ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಬೇಕೆಂದರೆ ಹಳೆಯ ಯಂತ್ರವನ್ನು ಹುಡುಕಿ ಕೊಳ್ಳಬೇಕು, ದೂರದ ಗ್ರಂಥಾಲಯಕ್ಕೆ ಪ್ರಯಾಣ ಮಾಡಬೇಕು, ಇಲ್ಲವೇ ನಕಲು ಪ್ರತಿಗೆ ಶರಣಾಗಬೇಕು. ಸಂಶೋಧಕರಿಗೆ ದೂರದಿಂದಲೇ ಹಳೆಯ ಗೇಮುಗಳನ್ನು ಒದಗಿಸಲು ಗ್ರಂಥಾಲಯಗಳಿಗೆ ಅವಕಾಶ ಕೊಡಿ ಎಂಬ ಮನವಿಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು.

ಯಂತ್ರ ಹಳತಾಗುವುದು ಒಂದು ಕಾರಣವಾದರೆ ಮಾಲೀಕರ ಅಜಾಗ್ರತೆ ಇನ್ನೊಂದು. ಗೇಮು ಮಾರಾಟವಾದ ಮೇಲೆ ಮೂಲ ಕೋಡನ್ನು ಜೋಪಾನ ಮಾಡಬೇಕೆಂದು ಹಿಂದೆ ಹಲವು ಕಂಪನಿಗಳಿಗೆ ಅನಿಸಿರಲೇ ಇಲ್ಲ. ಸ್ಕ್ವೇರ್ ಕಂಪನಿಯ ‘ಕಿಂಗ್‌ಡಮ್ ಹಾರ್ಟ್ಸ್’ನ ಮೂಲ ಕೋಡ್ ಕಳೆದುಹೋಗಿ, ರೀಮಾಸ್ಟರಿಗಾಗಿ ಬಹುಭಾಗವನ್ನು ಮತ್ತೆ ಕಟ್ಟಬೇಕಾಯಿತು. ಕೊನಾಮಿಯ ‘ಸೈಲೆಂಟ್ ಹಿಲ್’ ಗೇಮುಗಳನ್ನು 2012ರಲ್ಲಿ ಎಚ್‌ಡಿಗೆ ತರುವಾಗ ತಯಾರಕರ ಕೈಗೆ ಸಿಕ್ಕಿದ್ದು ಅಂತಿಮ ಕೋಡಲ್ಲ, ದೋಷಗಳು ಇನ್ನೂ ಉಳಿದಿದ್ದ ಅರ್ಧಂಬರ್ಧ ಕೋಡು. ವೆಸ್ಟ್‌ವುಡ್ ಸ್ಟುಡಿಯೋಸ್‌ನ 1997ರ ‘ಬ್ಲೇಡ್ ರನ್ನರ್’ ಕೋಡೂ ನಾಪತ್ತೆ. ಜೋರ್ಡನ್ ಮೆಕ್ನರ್ ಅದೃಷ್ಟವಂತರು: 1989ರಲ್ಲಿ ಆಪಲ್ 2 ಕಂಪ್ಯೂಟರಿಗೆಂದು ಅವರು ಬರೆದ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಮೂಲ ಫ್ಲಾಪಿಗಳು 2012ರಲ್ಲಿ ಅವರ ತಂದೆಗೆ ಸಿಕ್ಕಿದವು. ಓದಲು ಪರಿಣತರ ನೆರವು ಬೇಕಾಯಿತು. ಓದಿಸಿದ ಕೂಡಲೇ ಅವರು ಕೋಡನ್ನು ಸಾರ್ವಜನಿಕವಾಗಿ ಪ್ರಕಟಿಸಿಬಿಟ್ಟರು.

ಮೂರನೆಯ ಕಾರಣ ಎಲ್ಲಕ್ಕಿಂತ ವಿಚಿತ್ರ. ಹಕ್ಕು ಯಾರದ್ದೆಂಬುದೇ ಗೊತ್ತಿರುವುದಿಲ್ಲ. ಸ್ಟೀಫನ್ ಕಿಕ್ ಎಂಬವರಿಗೆ 2012ರಲ್ಲಿ ‘ಸಿಸ್ಟಮ್ ಶಾಕ್ 2’ ಆಡುವ ಮನಸ್ಸಾಯಿತು, ಆದರೆ ಎಲ್ಲೂ ಮಾರಾಟಕ್ಕಿರಲಿಲ್ಲ. ಹುಡುಕುತ್ತ ಹೋದರೆ ಹಕ್ಕು ಒಂದು ವಿಮಾ ಕಂಪನಿಯ ಕಡತದಲ್ಲಿ ಬಿದ್ದಿತ್ತು. ಅಲ್ಲಿಂದ ಅನುಮತಿ ಪಡೆದು 2013ರಲ್ಲಿ ಗೇಮನ್ನು ಮತ್ತೆ ಮಾರುಕಟ್ಟೆಗೆ ತಂದದ್ದರಿಂದಲೇ ನೈಟ್‌ಡೈವ್ ಸ್ಟುಡಿಯೋಸ್ ಬೆಳೆಯಿತು. ಹಳೆಯ ಗೇಮುಗಳನ್ನು ಮೇಲೆತ್ತುವುದೇ ಇಂದು ಅದರ ಕಸುಬು. ಅದೇ ಕಂಪನಿ 2000ದ ‘ನೋ ಒನ್ ಲಿವ್ಸ್ ಫಾರೆವರ್’ ಗೇಮಿಗೂ ಕೈಹಾಕಿ ಸೋತಿತು. ಕೈಯಿಂದ ಕೈಗೆ ಮಾರಾಟವಾದ ಆ ಗೇಮಿನ ಹಕ್ಕು ವಾರ್ನರ್, ಆಕ್ಟಿವಿಷನ್, ಫಾಕ್ಸ್ ನಡುವೆ ಎಲ್ಲೋ ಇದೆ. ತಮ್ಮ ಪಾಲೆಷ್ಟು ಎಂದು ಯಾರೂ ಖಚಿತವಾಗಿ ಹೇಳಲಿಲ್ಲ, ಬೇರೆಯವರು ಮಾಡಲಿ ಎಂದೂ ಬಿಡಲಿಲ್ಲ.

ಅಭಿಮಾನಿಯ ಮೂರು ಗತಿಗಳು

ಹೀಗೆ ಬರಿದಾದ ಜಾಗಕ್ಕೆ ಬರುವವನು ಅಭಿಮಾನಿ. ಬಂದವನಿಗೆ ಕಾದಿರುವ ಗತಿ ಮೂರರಲ್ಲೊಂದು: ತಡೆ, ಅನುಮತಿ, ಇಲ್ಲವೇ ನೌಕರಿ.

ತಡೆಗೆ ಪ್ರಸಿದ್ಧ ಉದಾಹರಣೆ ‘ಎಎಂ2ಆರ್’. ಗೇಮ್ ಬಾಯ್‌ಗೆಂದು 1991ರಲ್ಲಿ ಬಂದ ‘ಮೆಟ್ರಾಯ್ಡ್ 2’ ಅನ್ನು ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ತಿ ಸುಮಾರು ಹತ್ತು ವರ್ಷ ಬಿಡುವಿನಲ್ಲಿ ದುಡಿದು ಬಣ್ಣದಲ್ಲಿ ಮತ್ತೆ ಕಟ್ಟಿದರು. ಮೆಟ್ರಾಯ್ಡ್ ಸರಣಿಗೆ ಮೂವತ್ತು ತುಂಬಿದ ದಿನವೇ, 2016ರ ಆಗಸ್ಟ್ 6ರಂದು, ಉಚಿತವಾಗಿ ಬಿಟ್ಟರು. ಕೆಲವೇ ದಿನಗಳಲ್ಲಿ ನಿಂಟೆಂಡೊದ ನೋಟಿಸು ಬಂತು. ಅದರ ಹಿಂದಿನ ಗುಟ್ಟು ಮುಂದಿನ ವರ್ಷ ತಿಳಿಯಿತು: ಕಂಪನಿಯೇ ಅದೇ ಗೇಮಿನ ರೀಮೇಕ್ ‘ಸೇಮಸ್ ರಿಟರ್ನ್ಸ್’ ಅನ್ನು 2017ರ ಸೆಪ್ಟೆಂಬರಿನಲ್ಲಿ 3ಡಿಎಸ್ ಯಂತ್ರಕ್ಕೆ ಬಿಡುಗಡೆ ಮಾಡಿತು. ಆ ಯಂತ್ರದ ಆನ್‌ಲೈನ್ ಅಂಗಡಿ 2023ರ ಮಾರ್ಚಿನಲ್ಲಿ ಮುಚ್ಚಿದ್ದರಿಂದ ಅಧಿಕೃತ ರೀಮೇಕೇ ಈಗ ಹಳೆಯ ಯಂತ್ರದ ಬಂದಿಯಾಗಿದೆ. ಗ್ವಾಸ್ತಿ ಮಾತ್ರ ಸೋಲಲಿಲ್ಲ. ‘ಎಎಂ2ಆರ್’ನ ಕೌಶಲ ನೋಡಿ ಮೂನ್ ಸ್ಟುಡಿಯೋಸ್ ಅವರನ್ನು ‘ಓರಿ ಆ್ಯಂಡ್ ದ ವಿಲ್ ಆಫ್ ದ ವಿಸ್ಪ್ಸ್’ ಗೇಮಿನ ಹಂತಗಳ ವಿನ್ಯಾಸಕ್ಕೆ ಸೇರಿಸಿಕೊಂಡಿತು.

‘ಕ್ರೋನೊ ಟ್ರಿಗರ್’ ಅನ್ನು ಮೂರು ಆಯಾಮದಲ್ಲಿ ಕಟ್ಟಲು ಹೊರಟ ತಂಡಕ್ಕೆ 2004ರಲ್ಲೇ ಸ್ಕ್ವೇರ್ ಎನಿಕ್ಸ್ ತಡೆಯೊಡ್ಡಿತ್ತು. ಇಪ್ಪತ್ತು ವರ್ಷ ಕಳೆದರೂ ಕಂಪನಿಯ ಕಡೆಯಿಂದ ಅಂಥದ್ದೊಂದು ರೀಮೇಕ್ ಬರಲಿಲ್ಲ. ಅಭಿಮಾನಿಯನ್ನು ತಡೆದರೆ ಅಧಿಕೃತವಾದದ್ದು ಬಂದೇ ಬರುತ್ತದೆ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಅನುಮತಿಯ ಫಲ ಹೇಗಿರುತ್ತದೆಂದು ನೋಡಲು ‘ಬ್ಲ್ಯಾಕ್ ಮೆಸಾ’ ಸಾಕು. 1998ರ ‘ಹಾಫ್-ಲೈಫ್’ ಅನ್ನು ವಾಲ್ವ್ ಕಂಪನಿ 2004ರಲ್ಲಿ ತನ್ನ ಹೊಸ ಎಂಜಿನ್‌ಗೆ ತಂದಾಗ ನೀರಿನ ಹೊಳಪಿನಂಥ ಕೆಲವನ್ನು ಬಿಟ್ಟರೆ ಹೆಚ್ಚೇನೂ ಬದಲಾಗಿರಲಿಲ್ಲ. ನಿರಾಶರಾದ ಆಟಗಾರರು ತಾವೇ ಕೈಹಚ್ಚಿದರು. 2012ರಲ್ಲಿ ಮೊದಲ ಆವೃತ್ತಿ ಉಚಿತವಾಗಿ ಬಂತು. ವಾಲ್ವ್ ನೋಟಿಸು ಕಳಿಸುವ ಬದಲು ತನ್ನ ಸ್ಟೀಮ್ ಅಂಗಡಿಯಲ್ಲೇ ದುಡ್ಡಿಗೆ ಮಾರಲು ಒಪ್ಪಿತು. 2020ರ ಮಾರ್ಚ್ 6ರಂದು ಕೆಲಸ ಪೂರ್ತಿಯಾಯಿತು. ಮೂಲದಲ್ಲಿ ಅವಸರದಲ್ಲಿ ಮುಗಿಸಿದಂತಿದ್ದ ಜೆನ್ ಲೋಕದ ಭಾಗವನ್ನು ತಂಡ ಹಲವು ಪಟ್ಟು ಹಿಗ್ಗಿಸಿತ್ತು. 2023ರಲ್ಲಿ ಇಪ್ಪತ್ತೈದು ವರ್ಷದ ನೆನಪಿಗೆ ವಾಲ್ವ್ ಮೂಲ ‘ಹಾಫ್-ಲೈಫ್’ ಅನ್ನೇ ದುರಸ್ತಿ ಮಾಡಿ ಎಲ್ಲರಿಗೂ ಶಿಫಾರಸು ಮಾಡಿತು, 2004ರ ತನ್ನ ಆವೃತ್ತಿಯನ್ನು ಅಂಗಡಿಯ ಹಿಂದಿನ ಸಾಲಿಗೆ ಸರಿಸಿತು. ಮೂಲವೂ ಅಭಿಮಾನಿಗಳ ರೀಮೇಕೂ ಇಂದು ಅಕ್ಕಪಕ್ಕದಲ್ಲಿ ಮಾರಾಟವಾಗುತ್ತಿವೆ.

ಬೆಥೆಸ್ಡಾ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2006ರ ‘ಒಬ್ಲಿವಿಯನ್’ ಅನ್ನು ‘ಸ್ಕೈರಿಮ್’ನ ಎಂಜಿನ್‌ನಲ್ಲಿ ಮತ್ತೆ ಕಟ್ಟುವ ‘ಸ್ಕೈಬ್ಲಿವಿಯನ್’ ತಂಡ ವರ್ಷಗಟ್ಟಲೆ ದುಡಿಯುತ್ತಿರುವಾಗಲೇ, 2025ರ ಏಪ್ರಿಲ್ 22ರಂದು, ಕಂಪನಿ ತನ್ನದೇ ‘ಒಬ್ಲಿವಿಯನ್ ರೀಮಾಸ್ಟರ್ಡ್’ ಬಿಟ್ಟಿತು. ನಿಂಟೆಂಡೊ ಎದುರಿಸಿದ್ದ ಸನ್ನಿವೇಶವೇ ಇದು. ಬೆಥೆಸ್ಡಾ ಮಾತ್ರ ಅಭಿಮಾನಿ ತಂಡದ ಕೆಲಸ ನಿಲ್ಲಿಸಲಿಲ್ಲ, ಬದಲಿಗೆ ಅದರ ಸದಸ್ಯರಿಗೆ ಹೊಸ ಗೇಮಿನ ಪ್ರತಿಗಳನ್ನು ಉಡುಗೊರೆ ಕೊಟ್ಟಿತು. ಅಭಿಮಾನಿಗಳದ್ದನ್ನು ಓಡಿಸಲು ಹೇಗೂ ಕಂಪನಿಯ ಗೇಮು ಬೇಕು. ಇಬ್ಬರ ಗಿರಾಕಿಗಳೂ ಒಬ್ಬರೇ.

ನೌಕರಿಯ ಗತಿಗೆ ಸೆಗಾ ಕಂಪನಿ ಒಳ್ಳೆಯ ಪಾಠ, ಏಕೆಂದರೆ ಅದು ತಡೆ, ನೌಕರಿ ಎರಡೂ ದಾರಿ ಹಿಡಿದು ನೋಡಿದೆ. ‘ಸ್ಟ್ರೀಟ್ಸ್ ಆಫ್ ರೇಜ್’ ಸರಣಿಯನ್ನು ಎಂಟು ವರ್ಷ ದುಡಿದು ಮತ್ತೆ ಕಟ್ಟಿದ ಸ್ಪೇನಿನ ತಂಡದ ಗೇಮನ್ನು 2011ರ ಏಪ್ರಿಲ್‌ನಲ್ಲಿ, ಬಿಡುಗಡೆಯಾದ ಬೆನ್ನಿಗೇ ತೆಗೆಸಿತು. ಅದೇ ವರ್ಷ ಆಸ್ಟ್ರೇಲಿಯಾದ ಅಭಿಮಾನಿ ಕ್ರಿಶ್ಚಿಯನ್ ವೈಟ್‌ಹೆಡ್ ತಾನೇ ಬರೆದ ಎಂಜಿನ್‌ನಲ್ಲಿ ಸಿದ್ಧಪಡಿಸಿದ ‘ಸಾನಿಕ್ ಸಿಡಿ’ಯನ್ನು ಅಧಿಕೃತವೆಂದು ಒಪ್ಪಿ ಮಾರಿತು. ವೈಟ್‌ಹೆಡ್ ಮತ್ತು ಇತರ ಅಭಿಮಾನಿಗಳು ಸೇರಿ 2017ರಲ್ಲಿ ಕೊಟ್ಟ ‘ಸಾನಿಕ್ ಮೇನಿಯಾ’ ಆ ಸರಣಿಗೆ ಎಷ್ಟೋ ವರ್ಷಗಳಿಂದ ಸಿಗದಿದ್ದ ಮೆಚ್ಚುಗೆಯನ್ನು ಗಳಿಸಿತು.

ಕಾನೂನಿನ ಗೆರೆ

‘ದುಡ್ಡು ಮಾಡುತ್ತಿಲ್ಲವಲ್ಲ, ಉಚಿತವಾಗಿ ಕೊಡುತ್ತಿದ್ದೇವಲ್ಲ’ ಎನ್ನುವುದು ಅಭಿಮಾನಿಗಳ ಮಾಮೂಲು ವಾದ. ಕಾನೂನಿನೆದುರು ಇದು ನಿಲ್ಲುವುದಿಲ್ಲ. ಆಟದ ನಿಯಮಕ್ಕೆ ಯಾರೂ ಕೃತಿಸ್ವಾಮ್ಯ ಹೇಳಲಾಗದು. ಜಿಗಿದು ಶತ್ರುವಿನ ತಲೆ ತುಳಿಯುವ ಗೇಮನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಚಿತ್ರ, ಸಂಗೀತ, ಪಾತ್ರ, ಕೋಡು ಮಾಲೀಕರ ಸೊತ್ತು, ಅವುಗಳ ರೂಪಾಂತರದ ಹಕ್ಕೂ ಅವರದ್ದೇ. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಡಿ ಒಂದು ನೋಟಿಸು ಸಾಕು, ಜಾಲತಾಣಗಳು ಕಡತವನ್ನು ಕೆಳಗಿಳಿಸುತ್ತವೆ. ವಿಚಾರಣೆ ಆಮೇಲಿನ ಮಾತು. ಅಮೆರಿಕದಲ್ಲಿ ಕಂಪನಿಯ ಕೃತಿಗೆ 95 ವರ್ಷ ರಕ್ಷಣೆ. 1991ರ ‘ಮೆಟ್ರಾಯ್ಡ್ 2’ ಅಲ್ಲಿ ಎಲ್ಲರ ಸ್ವತ್ತಾಗುವುದು 2087ರಲ್ಲಿ. ಅದನ್ನು ಬಾಲ್ಯದಲ್ಲಿ ಆಡಿದವರಲ್ಲಿ ಅಂದು ಬದುಕಿರುವವರು ಬೆರಳೆಣಿಕೆಯಷ್ಟಿರಬಹುದು.

ಕಂಪನಿಗಳ ಕಡೆಯಿಂದಲೂ ಒಂದು ವಾದ ಕೇಳುತ್ತದೆ: ಸುಮ್ಮನಿದ್ದರೆ ನಮ್ಮ ಹಕ್ಕೇ ಹೋಗುತ್ತದೆ. ಟ್ರೇಡ್‌ಮಾರ್ಕಿನ ವಿಷಯದಲ್ಲಿ ಇದರಲ್ಲಿ ಸ್ವಲ್ಪ ಸತ್ಯವಿದೆ, ಹೆಸರು ಎಲ್ಲರ ಬಾಯಿಗೆ ಬಿದ್ದು ಸವೆಯಬಹುದು. ಕೃತಿಸ್ವಾಮ್ಯಕ್ಕೆ ಇದು ಅನ್ವಯಿಸದು. ನೋಟಿಸು ಕಳಿಸದಿದ್ದ ಮಾತ್ರಕ್ಕೆ ಯಾವ ಗೇಮಿನ ಕೃತಿಸ್ವಾಮ್ಯವೂ ಅಳಿಯುವುದಿಲ್ಲ. ಟ್ರೇಡ್‌ಮಾರ್ಕಿಗೂ ಮದ್ದಿದೆ, ಅನುಮತಿ ಪತ್ರ ಬರೆದುಕೊಟ್ಟರಾಯಿತು. ವಾಲ್ವ್, ಸೆಗಾ ಮಾಡಿದ್ದು ಅದನ್ನೇ.

ಇಬ್ಬರಿಗೂ ದಾರಿಯಿರುವುದು ಎಂಜಿನ್ ಮರುರಚನೆಯಲ್ಲಿ. ಅಮೆರಿಕದ ನ್ಯಾಯಾಲಯವೊಂದು 1992ರಲ್ಲಿ ಸೆಗಾ ಮತ್ತು ಅಕೊಲೇಡ್ ನಡುವಿನ ಮೊಕದ್ದಮೆಯಲ್ಲಿ, ಹೊಂದಿಕೆಯ ಸಲುವಾಗಿ ಪ್ರೋಗ್ರಾಮನ್ನು ಬಿಡಿಸಿ ಅರ್ಥಮಾಡಿಕೊಳ್ಳುವುದು ತಪ್ಪಲ್ಲ ಎಂದಿತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲೇ ಇಡುತ್ತದೆ. ಹಾಗಿದ್ದೂ ಅದರ 52ನೇ ಕಲಂ, ಸ್ವತಂತ್ರವಾಗಿ ಬರೆದ ಇನ್ನೊಂದು ಪ್ರೋಗ್ರಾಮು ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿ ಬೇರೆಲ್ಲೂ ಸಿಗದಾಗ ಇಂಥ ಕೆಲಸಕ್ಕೆ ಎಡೆಮಾಡಿಕೊಡುತ್ತದೆ. ಓಪನ್‌ಎಂಡಬ್ಲ್ಯೂ ಥರದ ಯತ್ನಗಳು ನೆಮ್ಮದಿಯಿಂದಿರಲು ಕಾರಣ ಇದೇ: ಪ್ರೋಗ್ರಾಮು ತಮ್ಮದು, ಚಿತ್ರ-ಸಂಗೀತ ಮಾಲೀಕರದು, ಅದನ್ನು ಕೊಂಡು ತನ್ನಿ. ಡಿಕಂಪೈಲ್ ಮಾಡಿ ಪಡೆದ ಕೋಡು ಮಾತ್ರ ಇನ್ನೂ ಮಬ್ಬು ಪ್ರದೇಶ. ‘ಜಿಟಿಎ 3’ ಮತ್ತು ‘ವೈಸ್ ಸಿಟಿ’ಯನ್ನು ಹೀಗೆ ಬಿಡಿಸಿದವರ ಮೇಲೆ ಟೇಕ್-ಟೂ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. ಎರಡೇ ತಿಂಗಳಲ್ಲಿ ಅದೇ ಗೇಮುಗಳ ಅಧಿಕೃತ ರೀಮಾಸ್ಟರ್ ಬಂತು.

ಮಂಜು ಸರಿದಾಗ ಕಂಡದ್ದು

ಆ ರೀಮಾಸ್ಟರಿನ ಹೆಸರು ‘ಜಿಟಿಎ: ದ ಟ್ರೈಲಜಿ – ದ ಡೆಫಿನಿಟಿವ್ ಎಡಿಷನ್’. 2021ರ ನವೆಂಬರ್ 11ರಂದು ಬಂದ ಅದು ಎಲ್ಲಿ ಎಡವಿತು ಎಂಬುದನ್ನು ಬಿಡಿಸಿ ನೋಡಬೇಕು. 2004ರ ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ದೂರದ ದೃಶ್ಯಗಳ ಮೇಲೆ ಮಸುಕು ಕವಿದಿರುತ್ತಿತ್ತು. ಪ್ಲೇಸ್ಟೇಷನ್ 2ಕ್ಕೆ ಅಷ್ಟು ದೂರದವರೆಗೆ ಚಿತ್ರಿಸುವ ಶಕ್ತಿ ಇಲ್ಲದ್ದರಿಂದ ಅದು ಅನಿವಾರ್ಯವಾಗಿತ್ತು. ಆದರೆ ಆ ಮಸುಕಿನಿಂದಲೇ ಆಟಗಾರನಿಗೆ ಇಡೀ ರಾಜ್ಯವೊಂದು ಕಣ್ಣು ಹಾಯುವ ಆಚೆಗೂ ಹಬ್ಬಿದೆ ಎನಿಸುತ್ತಿತ್ತು. ರೀಮಾಸ್ಟರಿನಲ್ಲಿ ಮಸುಕು ತೆಗೆದರು. ಬೆಟ್ಟದ ತುದಿಯಲ್ಲಿ ನಿಂತರೆ ಮೂರೂ ನಗರಗಳು ಆಟಿಕೆಯ ಹಾಗೆ ಒಂದೇ ನೋಟಕ್ಕೆ ಸಿಕ್ಕವು. ಅಂಗಡಿ ಫಲಕಗಳ ಚಿತ್ರಗಳನ್ನು ತಂತ್ರಾಂಶವೇ ತಾನಾಗಿ ತೀಡಿದ್ದರಿಂದ ಅಕ್ಷರಗಳು ತಪ್ಪಾದವು. ‘ನಟ್’ ಪದದ ಮೇಲೆ ಚಮತ್ಕಾರ ಮಾಡಿದ್ದ ಡೋನಟ್ ಅಂಗಡಿಯೊಂದರ ಆರು ಮೂಲೆಯ ಕಬ್ಬಿಣದ ನಟ್ಟು ಮೂಲೆ ಕಳೆದುಕೊಂಡು ಬರೀ ದುಂಡಗಾಯಿತು, ಹಾಸ್ಯ ಸತ್ತಿತು. ‘ಸೈಲೆಂಟ್ ಹಿಲ್’ನ ಎಚ್‌ಡಿ ಆವೃತ್ತಿಯಲ್ಲೂ ಇದೇ ಆಗಿತ್ತು. ಮಂಜು ತೆಳುವಾಗಿ, ಅದರ ಮರೆಯಲ್ಲಿ ಮುಗಿಸದೆ ಬಿಟ್ಟಿದ್ದ ಅಂಚುಗಳು ಬಯಲಾದವು.

ಹಳೆಯ ಕಲಾವಿದರು ಯಂತ್ರದ ಬಡತನವನ್ನೇ ಬಣ್ಣವಾಗಿ ಬಳಸಿದ್ದರು. ಸೆಗಾ ಯಂತ್ರದಲ್ಲಿ ‘ಸಾನಿಕ್’ನ ಜಲಪಾತ ಬರಿಯ ಉದ್ದ ಗೆರೆಗಳ ಸಾಲು. ಆ ಕಾಲದ ಟಿವಿಯ ಪರದೆಯಲ್ಲಿ ಗೆರೆಗಳು ಒಂದಕ್ಕೊಂದು ಕಲೆಸಿ ಪಾರದರ್ಶಕ ನೀರಾಗುತ್ತಿದ್ದವು. ಇಂದಿನ ಚೂಪಾದ ಪರದೆಯಲ್ಲಿ ಮತ್ತೆ ಗೆರೆಗಳೇ ಕಾಣುತ್ತವೆ. ಯಾವುದು ದೋಷ, ಯಾವುದು ಕಲೆ ಎಂಬ ವಿವೇಕ ಗೇಮನ್ನು ಸಾವಿರ ಸಲ ಆಡಿದವನಿಗೆ ಸಹಜವಾಗಿ ಬಂದಿರುತ್ತದೆ. ಗುತ್ತಿಗೆಗೆ ಹಿಡಿದ ತಂಡಕ್ಕೆ ಗಡುವಿನ ಒಳಗೆ ಅದು ದಕ್ಕುವುದು ಕಷ್ಟ.

ಕೆಟ್ಟ ರೀಮಾಸ್ಟರನ್ನು ಯಾರೂ ಕೊಳ್ಳದೆ ಬಿಡಬಹುದು, ಅಷ್ಟಕ್ಕೇ ಮುಗಿಯುವ ಮಾತು ಅದು. ‘ಜಿಟಿಎ’ ಅಭಿಮಾನಿಗಳು ಸಿಟ್ಟಾದದ್ದು ಹೊಸದು ಬರುವ ಮೊದಲೇ ಹಳೆಯ ಮೂರೂ ಗೇಮುಗಳನ್ನು ಆನ್‌ಲೈನ್ ಅಂಗಡಿಗಳಿಂದ ಹಿಂತೆಗೆದಿದ್ದಕ್ಕೆ. ಸುಮಾರು ಒಂದು ವಾರದಲ್ಲಿ ಆ ಗೇಮುಗಳ ತಯಾರಕ ರಾಕ್‌ಸ್ಟಾರ್ ಕ್ಷಮೆ ಕೇಳಿ, ಪಿಸಿಯ ಹಳೆಯ ಆವೃತ್ತಿಗಳನ್ನು ಮರಳಿ ಕೊಡುವುದಾಗಿ ಹೇಳಿತು. ಬ್ಲಿಝಾರ್ಡ್ ಕಂಪನಿಯ ‘ವಾರ್‌ಕ್ರಾಫ್ಟ್ 3: ರೀಫೋರ್ಜ್ಡ್’ 2020ರ ಜನವರಿಯಲ್ಲಿ ಇನ್ನೂ ದೊಡ್ಡ ಎಡವಟ್ಟು ಮಾಡಿತ್ತು. ತೋರಿಸಿ ಆಸೆ ಹುಟ್ಟಿಸಿದ್ದ ದೃಶ್ಯಗಳು ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, 2002ರಿಂದ ಹಳೆಯ ಗೇಮನ್ನೇ ಆಡಿಕೊಂಡಿದ್ದವರ ಮೇಲೂ ಹೊಸ ಪ್ರೋಗ್ರಾಮನ್ನು ಹೇರಲಾಯಿತು. ಹೊಸದನ್ನು ಕೊಳ್ಳದವರೂ ಹಳೆಯದನ್ನು ಕಳೆದುಕೊಂಡರು. ‘ಬ್ಲೇಡ್ ರನ್ನರ್’ನಲ್ಲಿ ನಡೆದದ್ದು ಇದರ ಇನ್ನೊಂದು ಮುಖ. ಸ್ಕಮ್‌ವಿಎಂನ ಅಭಿಮಾನಿಗಳು ವರ್ಷಗಟ್ಟಲೆ ಬಿಡಿಸಿ ಬರೆದ ಎಂಜಿನ್‌ನಿಂದ ಆ ಗೇಮು 2019ರಲ್ಲಿ ಮತ್ತೆ ಮಾರಾಟಕ್ಕೆ ಬಂದಿತ್ತು. 2022ರಲ್ಲಿ ನೈಟ್‌ಡೈವ್‌ನ ಸುಧಾರಿತ ಆವೃತ್ತಿ ಬಂದಾಗ ಅದನ್ನು ಬದಿಗೆ ಸರಿಸಲಾಯಿತು. ಹೊಸದರ ಚಿತ್ರಗಳು ಮೂಲಕ್ಕಿಂತ ಮಂಕೆಂದು ಗದ್ದಲವೆದ್ದ ಮೇಲೆ ಹಳೆಯದು ಅಂಗಡಿಗೆ ಮರಳಿತು.

ಗೆದ್ದ ರೀಮಾಸ್ಟರುಗಳನ್ನು ಈಗ ನೋಡಿ. ‘ಸ್ಟಾರ್‌ಕ್ರಾಫ್ಟ್: ರೀಮಾಸ್ಟರ್ಡ್’ಗೆ ಕೆಲ ತಿಂಗಳು ಮುಂಚೆ, 2017ರ ಏಪ್ರಿಲ್‌ನಲ್ಲಿ, ಇದೇ ಬ್ಲಿಝಾರ್ಡ್ ಮೂಲ ಗೇಮನ್ನು ಎಲ್ಲರಿಗೂ ಪುಕ್ಕಟೆ ಮಾಡಿತ್ತು. 2009ರ ‘ಮಂಕಿ ಐಲ್ಯಾಂಡ್’ ವಿಶೇಷ ಆವೃತ್ತಿಯಲ್ಲಿ ಒಂದು ಕೀಲಿ ಒತ್ತಿದರೆ ಹೊಸ ಚಿತ್ರ ಹೋಗಿ 1990ರ ಚಿತ್ರ ಬರುತ್ತದೆ. 2020ರ ‘ಕಮಾಂಡ್ ಆ್ಯಂಡ್ ಕಾಂಕರ್ ರೀಮಾಸ್ಟರ್ಡ್’ನಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಅದೇ. ಇದನ್ನು ಮಾಡಿದವರು ಹಳೆಯ ವೆಸ್ಟ್‌ವುಡ್‌ನಿಂದ ಬಂದವರು ಕಟ್ಟಿದ ಪೆಟ್ರೊಗ್ಲಿಫ್ ಕಂಪನಿಯವರು. ಅಭಿಮಾನಿಗಳ ಸಲಹಾ ಮಂಡಲಿಯೊಂದು ಮೊದಲಿನಿಂದಲೂ ಜೊತೆಗಿತ್ತು. ಬಿಡುಗಡೆಯ ಹೊತ್ತಿಗೆ ಮಾಲೀಕ ಇಎ ಕಂಪನಿ ಗೇಮಿನ ಕೋಡಿನ ಮುಖ್ಯ ಭಾಗವನ್ನು ಮುಕ್ತ ಪರವಾನಗಿಯಡಿ ಪ್ರಕಟಿಸಿತು. ಈ ಮೂರರಲ್ಲೂ ಹೊಸದು ಹಳೆಯದರ ಪಕ್ಕದಲ್ಲಿ ನಿಂತಿತು. ಹೋಲಿಸಿ ನೋಡುವ ಸ್ವಾತಂತ್ರ್ಯ ಆಟಗಾರನ ಬೆರಳ ತುದಿಯಲ್ಲಿತ್ತು.

ಕಾಯುವವರ ಪಾಡು

ರೀಮೇಕ್‌ಗಾಗಿ ಕಾಯುವುದೇ ಒಂದು ಬದುಕಾಗಿಬಿಟ್ಟವರಿದ್ದಾರೆ. 1997ರ ‘ಫೈನಲ್ ಫ್ಯಾಂಟಸಿ 7’ರ ಆರಂಭದ ದೃಶ್ಯವನ್ನು ಸ್ಕ್ವೇರ್ ಎನಿಕ್ಸ್ 2005ರಲ್ಲಿ ಹೊಸ ಯಂತ್ರದ ಶಕ್ತಿ ತೋರಿಸಲೆಂದು ಮತ್ತೆ ಚಿತ್ರಿಸಿ ಪ್ರದರ್ಶಿಸಿತು. ಬರೀ ತಾಂತ್ರಿಕ ನಮೂನೆ ಎಂದು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಘೋಷಣೆಗೆ ಹತ್ತು ವರ್ಷ, ಬಿಡುಗಡೆಗೆ ಇನ್ನೈದು ವರ್ಷ ಹಿಡಿಯಿತು. 2020ರ ಏಪ್ರಿಲ್‌ನಲ್ಲಿ ಬಂದದ್ದು ಮೂರು ಕಂತುಗಳಲ್ಲಿ ಮೊದಲನೆಯದು ಮಾತ್ರ.

ಸೋನಿಯ ‘ಬ್ಲಡ್‌ಬಾರ್ನ್’ 2015ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದದ್ದು ಸೆಕೆಂಡಿಗೆ 30 ಚೌಕಟ್ಟಿನ ವೇಗದಲ್ಲಿ. ವೇಗ ದುಪ್ಪಟ್ಟಾದ ರೀಮಾಸ್ಟರ್ ಬರಲಿ ಎಂದು ಅಭಿಮಾನಿಗಳು ಇಂದಿಗೂ ಬೇಡುತ್ತಿದ್ದಾರೆ. ಬೇಡಿ ಬೇಸತ್ತವರಲ್ಲೊಬ್ಬರು ತಾವೇ ವೇಗ ಹೆಚ್ಚಿಸುವ ತೇಪೆ ಬರೆದರು. 2025ರ ಆರಂಭದಲ್ಲಿ ಸೋನಿ ಅದನ್ನು ತೆಗೆಸಿತು, ರೀಮಾಸ್ಟರಿನ ಮಾತೆತ್ತಲಿಲ್ಲ. ಈ ನಡುವೆ 2022ರಲ್ಲಿ ಬಂದ ‘ಬ್ಲಡ್‌ಬಾರ್ನ್ ಪಿಎಸ್‌ಎಕ್ಸ್’ ಉಲ್ಟಾ ದಾರಿ ಹಿಡಿದಿತ್ತು. ಆ ಗೇಮು 1990ರ ದಶಕದ ಮೊದಲ ಪ್ಲೇಸ್ಟೇಷನ್‌ಗೆ ಬಂದಿದ್ದರೆ ಹೇಗಿರುತ್ತಿತ್ತು ಎಂದು ಕಲ್ಪಿಸಿ ದೊರಗು ಚಿತ್ರಗಳಲ್ಲಿ ಕಟ್ಟಿತ್ತು. ಹಳೆಯ ಯಂತ್ರದ ಸೊಗಸು ಬರೀ ಬಾಲ್ಯದ ಹಂಬಲವಲ್ಲ, ಅದೂ ಒಂದು ಶೈಲಿ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ನಮ್ಮ ದೇಶದ ಕೈಗೆ ಬಂದು ತಪ್ಪಿದ ಒಂದು ಆಸೆಯೂ ಈ ಸಾಲಿನಲ್ಲಿದೆ. ‘ಪ್ರಿನ್ಸ್ ಆಫ್ ಪರ್ಷಿಯಾ: ದ ಸ್ಯಾಂಡ್ಸ್ ಆಫ್ ಟೈಮ್’ ರೀಮೇಕನ್ನು ಯೂಬಿಸಾಫ್ಟ್ 2020ರ ಸೆಪ್ಟೆಂಬರಿನಲ್ಲಿ ಘೋಷಿಸಿದಾಗ ಅದನ್ನು ಮಾಡುತ್ತಿದ್ದುದು ಪುಣೆ ಮತ್ತು ಮುಂಬಯಿಯ ಸ್ಟುಡಿಯೋಗಳು. ಮೊದಲ ತುಣುಕಿನ ಚಿತ್ರಗಳಿಗೆ ಟೀಕೆ ಬಂತು, ದಿನಾಂಕ ಮುಂದೆ ಹೋಯಿತು, 2022ರ ಮೇನಲ್ಲಿ ಕೆಲಸ ಮಾಂಟ್ರಿಯಲ್‌ಗೆ ವರ್ಗವಾಯಿತು, 2026ರ ಜನವರಿಯಲ್ಲಿ ಯೋಜನೆಯೇ ರದ್ದಾಯಿತು. 1989ರ ಮೂಲ ‘ಪ್ರಿನ್ಸ್’ ಮಾತ್ರ ಅಭಿಮಾನಿಗಳು ಬಿಡಿಸಿ ಬರೆದ ಮುಕ್ತ ಎಂಜಿನ್‌ನಲ್ಲಿ ಇಂದಿನ ಲ್ಯಾಪ್‌ಟಾಪಿನಲ್ಲೂ ಓಡುತ್ತಿದೆ.

ಭಾರತದವರ ಹೆಸರು ಹೊತ್ತ ಇನ್ನೊಂದು ಗೇಮಿನ ಕಥೆ ಇಷ್ಟು ಬೇಸರದ್ದಲ್ಲ. 1999ರ ‘ಏಜ್ ಆಫ್ ಎಂಪೈರ್ಸ್ 2’ಕ್ಕೆ ಅಭಿಮಾನಿಗಳ ಗುಂಪೊಂದು 2012ರಲ್ಲಿ ಸ್ವಂತವಾಗಿ ವಿಸ್ತರಣೆಯೊಂದನ್ನು ಮಾಡಿತು. ಮೈಕ್ರೊಸಾಫ್ಟ್ ಅದೇ ಗುಂಪಿಗೆ ಅಧಿಕೃತ ಕೆಲಸ ಕೊಟ್ಟಿತು, ಅದು ಫರ್ಗಾಟನ್ ಎಂಪೈರ್ಸ್ ಎಂಬ ಸ್ಟುಡಿಯೋ ಆಯಿತು. 2019ರ ಡೆಫಿನಿಟಿವ್ ಎಡಿಷನ್, 2022ರಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರನ್ನು ಬೇರೆ ಬೇರೆ ನಾಗರಿಕತೆಗಳಾಗಿ ತಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎರಡರಲ್ಲೂ ಅವರ ಕೈಯಿದೆ. ಇನ್ನು ಬೆಂಗಳೂರು: ರಾಜೇಶ್ ರಾವ್ 1997ರಲ್ಲಿ ಇಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಹೊರದೇಶದ ಗೇಮುಗಳಿಗೆ ಚಿತ್ರ ಕೆಲಸ ಮಾಡಿ ಬೆಳೆದು, 2019ರಲ್ಲಿ ರಾಕ್‌ಸ್ಟಾರ್‌ನ ಬೆಂಗಳೂರು ಸ್ಟುಡಿಯೋದಲ್ಲಿ ವಿಲೀನವಾಯಿತು. ಇಂಥ ಸ್ಟುಡಿಯೋಗಳಲ್ಲಿ ನುರಿತ ಕೈಗಳಿಗೆ ಇಲ್ಲಿ ಬರವಿಲ್ಲ.

ಕೊನೆಯದಾಗಿ ಬೇಡಿಕೆ

ಎಲ್ಲ ಅಭಿಮಾನಿ ಕೃತಿಗಳೂ ಒಳ್ಳೆಯವಲ್ಲ. ಹೆಚ್ಚಿನವು ಅರ್ಧಕ್ಕೇ ನಿಲ್ಲುತ್ತವೆ, ಕೆಲವು ಬೇರೆಯವರ ಹೆಸರಿನ ಮೇಲೆ ದೇಣಿಗೆ ಎತ್ತುತ್ತವೆ, ಕೆಲವು ಮೂಲದ ಚಿತ್ರ-ಸಂಗೀತವನ್ನೇ ಹಂಚುತ್ತವೆ. ಅವನ್ನು ತಡೆಯುವ ಹಕ್ಕು ಮಾಲೀಕರಿಗಿದೆ. ಆದರೂ ಒಂದು ಗುಣ ಅಭಿಮಾನಿ ರೀಮೇಕಿಗೆ ಹುಟ್ಟಿನಿಂದಲೇ ಬಂದಿರುತ್ತದೆ: ಮೂಲವನ್ನು ಅಳಿಸುವ ಶಕ್ತಿ ಅದಕ್ಕಿಲ್ಲ. ಅದು ಪಕ್ಕದಲ್ಲಷ್ಟೇ ನಿಲ್ಲಬಲ್ಲದು. ಅಳಿಸುವ ಅಧಿಕಾರ ಇರುವುದು ಮಾಲೀಕರಿಗೆ ಮಾತ್ರ, ಆ ಅಧಿಕಾರವನ್ನು ಬಳಸಿದಾಗಲೆಲ್ಲ ಅವರು ಗೇಮನ್ನೂ ಗಿರಾಕಿಯನ್ನೂ ಕಳೆದುಕೊಂಡಿದ್ದಾರೆ.

ಆದ್ದರಿಂದ ಮಾಲೀಕರ ಮುಂದಿಡಬೇಕಾದ ಬೇಡಿಕೆ ಮೂರು. ಹೊಸದನ್ನು ಮಾರುವಾಗ ಹಳೆಯದನ್ನೂ ಮಾರಾಟದಲ್ಲಿಡಿ. ನೀವೇ ಮಾರದ ಗೇಮಿನ ಎಂಜಿನ್ ಅನ್ನು ಮತ್ತೆ ಬರೆಯುವವರ ಮೇಲೆ ನೋಟಿಸು ಬೇಡ. ಮೂಲ ಕೋಡು ಉಳಿದಿದ್ದರೆ ಇಡ್ ಸಾಫ್ಟ್‌ವೇರ್ 1997ರಲ್ಲಿ ‘ಡೂಮ್’ಗೆ ಮಾಡಿದಂತೆ ಹೊರಗೆ ಬಿಡಿ. ಆ ಕೋಡು ಹೊರಬಿದ್ದದ್ದರಿಂದ ‘ಡೂಮ್’ನ ಮಾರಾಟ ನಿಲ್ಲಲಿಲ್ಲ, ಬಗೆಬಗೆಯ ಯಂತ್ರಗಳಲ್ಲಿ ಅದು ಓಡುವಂತಾಯಿತು, ಹೊಸ ತಲೆಮಾರು ಇಂದಿಗೂ ಅದಕ್ಕೆ ಹಂತಗಳನ್ನು ಕಟ್ಟುತ್ತಿದೆ, ಕಂಪನಿ ಇಂದಿಗೂ ಅದನ್ನು ಮಾರುತ್ತಿದೆ. ಮಾರಿಯೊ 3ರ ನಕಲು ಮಾಡಿ ತಿರಸ್ಕಾರ ಉಂಡವರೇ ತಮ್ಮ ಸರದಿ ಬಂದಾಗ ಬಾಗಿಲು ತೆರೆದಿಟ್ಟರು, ನಷ್ಟಪಡಲಿಲ್ಲ. ಈ ಲೆಕ್ಕ ಬೇರೆ ಮಾಲೀಕರಿಗೂ ಅರ್ಥವಾಗುವವರೆಗೆ ಹಳೆಯ ಗೇಮುಗಳ ಗ್ರಂಥಪಾಲಕನ ಕೆಲಸ ಅಭಿಮಾನಿಯದ್ದೇ. ಅದನ್ನು ಅವನು ಸಂಬಳವಿಲ್ಲದೆ, ನೋಟಿಸಿಗೆ ಹೆದರಿಕೊಂಡೇ ಮಾಡಬೇಕಾದ ಸ್ಥಿತಿ ಮಾತ್ರ ಬದಲಾಗಲೇಬೇಕು.